ಅಜ್ಜಿಯ ಗಂಜಿಗೆ ಬಿದ್ದ ಅಕ್ರೋಟು

ಇವತ್ತು ಮೊಮ್ಮಗಳು ಬಾಗಿಲ ಸಂದಿಯಲ್ಲಿ ಅಕ್ರೋಟು ಒಡೆದಾಗ ನಾನು ಹುಡುಗನಾಗಿದ್ದಾಗ ನಾವಿದ್ದ ಲೇಕ್ ಗಾರ್ಡನ್ಸಿನ ಹಳೆಯ ಮನೆ ನೆನಪಾಯಿತು.

ಚಳಿಗಾಲದಲ್ಲಿ ಶಾಲು ಮಾರಲು ಬರುತ್ತಿದ್ದ ಕಾಶ್ಮೀರಿಯಿಂದ ಅಮ್ಮ ಅಕ್ರೋಟು ಕೊಳ್ಳುತ್ತಿದ್ದಳು. ಮಿದುಳಿನ ಆಕಾರದ ತಿರುಳು ಮಿದುಳಿಗೇ ಒಳ್ಳೆಯದೆಂದು ದಿನಾ ಎರಡು ನೆನೆಸಿ ನನಗೆ ಕೊಡುತ್ತಿದ್ದಳು. ನಾನು ಅದನ್ನು ಗುಟ್ಟಾಗಿ ಅರೆದು, ಜ್ವರ ಬಿಟ್ಟರೂ ಹಾಸಿಗೆ ಬಿಡದ ಅಜ್ಜಿಯ ಗಂಜಿಗೆ ಬೆರೆಸುತ್ತಿದ್ದೆ.

ಒಂಬತ್ತನೇ ಕ್ಲಾಸಿನಲ್ಲಿ ಮತ್ತೆ ಫೇಲಾದೆ.

"ಅಷ್ಟು ಅಕ್ರೋಟು ತಿಂದದ್ದು ಎಲ್ಲಿಗೆ ಹೋಯ್ತು ಮಾರಾಯ?" ಎಂದಳು ಅಮ್ಮ.

"ನಾನು ತಿನ್ಲೇ ಇಲ್ಲಮ್ಮ, ಎಲ್ಲ ಅಜ್ಜಿಗೆ ಹಾಕಿದೆ. ಇನ್ನು ಶಾಲೆಗೂ ಹೋಗುದಿಲ್ಲ."

ಅಮ್ಮ ಸೌಟು ಎತ್ತಿದಳು. ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿಯದೆ ನಡೆದು ಬಂದು ಅದನ್ನು ಕಸಿದುಕೊಂಡಳು. "ಅವ ಫೇಲಾದ್ರೆ ಎಂತ? ನಾನು ಪಾಸಲ್ವಾ!"

ಅಜ್ಜಿ ಎದ್ದು ನಡೆದದ್ದು ಅಕ್ರೋಟಿನ ಗುಣವೋ ಗಂಜಿಯದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಶಾಲೆ ಬಿಟ್ಟವನು ಹೇಳುತ್ತಿದ್ದೇನೆ: ಅಂದು ಗೆದ್ದದ್ದು ನಾವಿಬ್ಬರೇ.