ಸೋಫಾ ಅಕ್ಕನಿಗೆ ಒಂದು ಕುರ್ಚಿ

ಬೀದಿಯವರೆಲ್ಲ ಅವಳನ್ನು ಸೋಫಾ ಅಕ್ಕ ಅಂತಲೇ ಕರೆಯುತ್ತಿದ್ದರು. ಗಂಡ ಪೇಟೆಯ ದೊಡ್ಡ ಫರ್ನಿಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದು ಸೋಫಾ ಸಾಹೇಬ್ರು ಅನ್ನಿಸಿಕೊಂಡಿದ್ದರು, ಹಾಗಾಗಿ ಹೆಂಡತಿ ಸೋಫಾ ಅಕ್ಕ. ತಮಾಷೆ ಏನಪ್ಪಾ ಅಂದರೆ, ಮಗಳನ್ನು ಹೆತ್ತು, ಬೆಳೆಸಿ, ಮದುವೆ ಮಾಡಿ ಕಳಿಸಿದ ಆ ಹೆಂಗಸು ತನ್ನ ಮನೆಯ ಸೋಫಾದ ಮೇಲೆ ಒಂದು ದಿನವೂ ಬೆನ್ನು ಒರಗಿಸಿ ಕೂತವಳಲ್ಲ. ನಗು ಬಂದರೆ ನಗಿ. ಅವಳಿಗೆ ಬರುತ್ತಿರಲಿಲ್ಲ.

ಸಾಹೇಬ್ರ ಕೆಲಸಕ್ಕೆ ಅಂಗಡಿಯಲ್ಲಿ ಕೋಣೆ ಕಟ್ಟೋದು ಅನ್ನುತ್ತಿದ್ದರು. ಅಂದರೆ ಮೂರೇ ಗೋಡೆಯ ಸುಳ್ಳು ಕೋಣೆಗಳು. ಒಂದರಲ್ಲಿ ಮಂಚ, ಒಂದರಲ್ಲಿ ಊಟದ ಮೇಜು, ಒಂದರಲ್ಲಿ ಸೋಫಾ. ಹಣ್ಣು ಪ್ಲಾಸ್ಟಿಕ್ಕು, ಟೀವಿ ರಟ್ಟು, ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ, ಹೊಟ್ಟೆ ಇಲ್ಲ. ಅಷ್ಟಾದರೂ ನೋಡಿದವರು "ಅಬ್ಬಾ, ಇಂಥ ಮನೆ ನಮಗಿದ್ದಿದ್ರೆ" ಅನ್ನಬೇಕು. ಅದಕ್ಕೆ ಸಾಹೇಬ್ರದ್ದೊಂದು ಗುಟ್ಟಿತ್ತು. ಯಾರೋ ಈಗಷ್ಟೇ ಎದ್ದು ಹೋದ ಗುರುತು ಅಲ್ಲಿರಬೇಕು. ತೆರೆದ ಪುಸ್ತಕದ ಮೇಲೆ ಕನ್ನಡಕ, ಕುರ್ಚಿಯ ತೋಳಿನ ಮೇಲೆ ಜಾರಿದ ಶಾಲು. ಇದಕ್ಕೆ ಅವರು "ಜೀವ ಇಡೋದು" ಅನ್ನುತ್ತಿದ್ದರು. ಕೈಯಲ್ಲಿ ಕಲೆ ಇತ್ತು, ಇಲ್ಲ ಅನ್ನಬಾರದು.

ಆ ಕಲೆ ಅಂಗಡಿಯಲ್ಲೇ ಇದ್ದಿದ್ದರೆ ಪಾಡಾಗಿತ್ತು. ಸಾಹೇಬ್ರು ಮನೆ ಅಲಂಕಾರದ ಪತ್ರಿಕೆಗಳನ್ನು ಮನೆಗೆ ತರುತ್ತಿದ್ದರು. ಊಟದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಪುಟ ತಿರುವುತ್ತ ತಿರುವುತ್ತ, ಕೈ ತುತ್ತಿನ ಸಮೇತ ನಿಂತುಬಿಡುತ್ತಿತ್ತು. "ಲೇ, ಸ್ಫೂರ್ತಿ ಬಂತು ಕಣೇ!" ಬೇರೆಯವರ ಮನೆಯಲ್ಲಿ ಜ್ವರ ಬರುತ್ತೆ, ನೆಗಡಿ ಬರುತ್ತೆ, ಈ ಮನೆಯಲ್ಲಿ ಸ್ಫೂರ್ತಿ ಬರುತ್ತಿತ್ತು. ಬಂತೆಂದರೆ ಮಂಚ ಕಿಟಕಿಯಿಂದ ಗೋಡೆಗೆ, ಬೀರು ಗೋಡೆಯಿಂದ ಕಿಟಕಿಗೆ. ಒಂದು ತುದಿ ಸಾಹೇಬ್ರು ಹಿಡಿದರೆ ಇನ್ನೊಂದು ತುದಿ ಯಾರು ಹಿಡಿಯಬೇಕು? ಅಕ್ಕನ ಸೊಂಟ ಆ ಬೀರು ಎಳೆದೇ ಹೋಯಿತು.

ಸೋಫಾ ಕೆನೆಬಣ್ಣದ್ದು. ಕೂತರೆ ಗುಂಡಿ ಬೀಳುತ್ತೆ, ಎಣ್ಣೆ ತಲೆ ಒರಗಿಸಿದರೆ ಕಲೆಯಾಗುತ್ತೆ ಅಂತ ಮನೆಯವರಿಗೆ ಅದರ ಮೇಲೆ ಕೂರುವ ಹಕ್ಕಿರಲಿಲ್ಲ. ಮಗಳು ಅಡುಗೆಮನೆಯ ನೆಲದ ಮೇಲೆ ಕೂತು ಓದಿಯೇ ಪಾಸಾದಳು. ಅಕ್ಕನ ಕನ್ನಡಕ ಮೇಜಿನ ಮೇಲೆ ಕಂಡರೆ "ಇದೇನು ಮನೆನೋ ಸಂತೆನೋ?" ಅಂತ ಡ್ರಾಯರಿಗೆ ಎಸೆಯುತ್ತಿದ್ದರು. ಅದೇ ಜಾಗದಲ್ಲಿ ಪವರ್ ಇಲ್ಲದ, ಚಿನ್ನದ ಬಣ್ಣದ ಕಡ್ಡಿಯ ಬೇರೊಂದು ಕನ್ನಡಕವನ್ನು ಪುಸ್ತಕದ ಮೇಲೆ ಓರೆಯಾಗಿ ಇಡುತ್ತಿದ್ದರು. ಜೀವ ಇರಲಿ ಅಂತ! ಒಂದು ಸಲ ಅಕ್ಕ ಅವಸರದಲ್ಲಿ ಅದನ್ನೇ ಏರಿಸಿಕೊಂಡು ಕಾಫಿಗೆ ಸಕ್ಕರೆ ಅಂತ ಉಪ್ಪು ಹಾಕಿ ಬೈಸಿಕೊಂಡಳು.

ಎರಡು ಮನೆ ಆಚೆ ಹೊಲಿಗೆ ಮಷೀನಿಟ್ಟುಕೊಂಡಿದ್ದ ಟೈಲರಮ್ಮ ಬಂದಾಗೆಲ್ಲ, "ಅಕ್ಕಾ, ನಿಮ್ಮನೆ ನೋಡೋಕೆ ಎರಡು ಕಣ್ಣು ಸಾಲದು" ಅನ್ನುತ್ತಿದ್ದಳು.

"ನೋಡೋಕೆ ಕಣ್ಣು ಸಾಲದು, ಕೂರೋಕೆ ಜಾಗ ಸಾಲದು" ಅನ್ನುತ್ತಿದ್ದಳು ಅಕ್ಕ.

ಹಾಗಂತ ಅವಳಿಗೆ ಜಾಗವೇ ಇರಲಿಲ್ಲ ಅಂತಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು, ಅದಕ್ಕೆ ನೆರಳು ಕೊಡುವ ನಿಂಬೆ ಗಿಡವಿತ್ತು. ಗಿಡ ಅವಳೇ ನೆಟ್ಟದ್ದು, ಪಾತ್ರೆ ತೊಳೆದ ನೀರು ಹಾಕಿ ಸಾಕಿದ್ದು. ಮಧ್ಯಾಹ್ನ ಕೆಲಸ ಮುಗಿಸಿ ಆ ಕಲ್ಲಿನ ಮೇಲೆ ಕಾಲು ಚಾಚಿ ಕೂತಳೆಂದರೆ ಆ ಹೊತ್ತು ಅವಳದ್ದು. ಮುಳ್ಳು ಗೀರುತ್ತಿತ್ತು, ಇರುವೆ ಕಚ್ಚುತ್ತಿತ್ತು, ಆದರೆ ಏಳು ಅನ್ನುವವರಿರಲಿಲ್ಲ.

ಮಗಳ ಹೆರಿಗೆಗೆ ಅಂತ ಹೋದವಳು ಮಗುವಿಗೆ ಕತ್ತು ನಿಂತ ಮೇಲೆ ವಾಪಸು ಬಂದಳು. ಸಾಹೇಬ್ರು ಬಾಗಿಲಲ್ಲೇ ಮುಖ ಊರಗಲ ಮಾಡಿಕೊಂಡು ನಿಂತಿದ್ದರು. "ಕಣ್ಮುಚ್ಚು. ಹಿತ್ತಲಿಗೆ ಬಾ." ಪಾಪ, ಮುಚ್ಚಿದಳು. ತೆರೆದರೆ ಗಿಡವೂ ಇಲ್ಲ, ಕಲ್ಲೂ ಇಲ್ಲ. ಗೋಡೆಯಿಂದ ಗೋಡೆಗೆ ಪ್ಲಾಸ್ಟಿಕ್ ಹುಲ್ಲು, ಅಂಚಿಗೆ ಬಿಳಿ ಬೆಣಚುಕಲ್ಲು, ಮೂಲೆಗೊಂದು ಸಿಮೆಂಟಿನ ಹಂಸ, ನಡುವೆ ಬಿಳಿ ಬಣ್ಣ ಬಳಿದ ಕಬ್ಬಿಣದ ಕುರ್ಚಿ ಒಂದು ಜೊತೆ.

"ಹೇಗಿದೆ? ಗಾರ್ಡನ್ ಡಿಸೈನ್ ಅಂದ್ರೆ ಇದು. ನೀರು ಹಾಕೋ ಹಾಗಿಲ್ಲ, ಎಲೆ ಗುಡಿಸೋ ಹಾಗಿಲ್ಲ."

"ಗಿಡ ಎಲ್ರೀ?"

"ಕಡಿಸ್ದೆ. ಕಾಯಿ ಬಿಡ್ತಿತ್ತು ನಿಜ, ಆದ್ರೆ ಲುಕ್ ಇರ್ಲಿಲ್ಲ."

ಅಕ್ಕ ಅಲ್ಲೇ ಗೋಳೋ ಅಂತ ಅತ್ತಳು. ಸತ್ತವರಿಗೆ ಅಳುವ ಹಾಗೆ ಅತ್ತಳು. ಸಾಹೇಬ್ರಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಹೆಂಡತಿ ಖುಷಿಗೆ ಅತ್ತುಬಿಟ್ಟಳು ಅಂತ ಅಂಗಡಿಯಲ್ಲಿ ಹೇಳಿಕೊಂಡರು. ಇಂಥವರಿಗೆ ಏನು ಹೇಳೋಣ? ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಕಬ್ಬಿಣದ ಕುರ್ಚಿಯಲ್ಲಾದರೂ ಕೂರೋಣ ಅಂದರೆ ಮಧ್ಯಾಹ್ನದ ಬಿಸಿಲಿಗೆ ಅದು ಕಾದ ಹೆಂಚು. ಮೇಲಾಗಿ ಕುರ್ಚಿ ಎಳೆದರೆ ಹುಲ್ಲು ಹರಿಯುತ್ತೆ ಅಂತ ಸಾಹೇಬ್ರ ಅಪ್ಪಣೆ.

ಇಷ್ಟಾದರೂ ಅವಳು ಆಸೆ ಬಿಡಲಿಲ್ಲ ನೋಡಿ, ಹೊಟ್ಟೆ ಉರಿಸೋದು ಅದೇ. ಒಂದು ಸಂಜೆ ಸಾಹೇಬ್ರು ಬಂದಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಗಡಿಯ ಧಣಿ ಹೊಸ ಕ್ಯಾಟಲಾಗಿಗೆ ನಿಜವಾದ ಮನೆಯಲ್ಲೇ ಫೋಟೋ ತೆಗೆಸಬೇಕು ಅಂದರಂತೆ, ಇವರ ಮನೆಯನ್ನೇ ಆರಿಸಿದರಂತೆ.

"ಮನೆಯೊಡತಿ ಸೋಫಾದ ಮೇಲೆ ಆರಾಮಾಗಿ ಕೂತಿರ್ಬೇಕಂತೆ, ಕೈಯಲ್ಲಿ ಕಾಫಿ ಕಪ್ಪಿರ್ಬೇಕಂತೆ. ಅದೇ ಮುಖಪುಟ!"

ಮನೆಯೊಡತಿ! ಮನೆಯೊಡತಿ ಅಂದರೆ ಇನ್ಯಾರು, ನೀವೇ ಹೇಳಿ. ಅಕ್ಕ ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಹಸಿರು ರೇಷ್ಮೆ ಬಟ್ಟೆ ತೆಗೆದಳು. ಮೈಗೆ ಬಿಗಿಯಾಗಿತ್ತು. ಟೈಲರಮ್ಮನ ಹತ್ತಿರ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿದಳು.

"ಏನಕ್ಕಾ ವಿಶೇಷ?"

"ಕೂರೋಕೆ ಕರೆದಿದಾರೆ ಕಣೇ" ಅಂದು ಹುಡುಗಿಯ ಹಾಗೆ ನಾಚಿಕೊಂಡಳು. ಟೈಲರಮ್ಮ ಕೂಲಿ ತಗೊಳ್ಳಲಿಲ್ಲ.

ಆ ದಿನ ಬೆಳಿಗ್ಗೆಯೇ ತಲೆ ಬಾಚಿ, ಹಸಿರು ಬಟ್ಟೆ ತೊಟ್ಟು, ಅಡುಗೆಮನೆ ಬಾಗಿಲಲ್ಲಿ ನಿಂತಳು. ವ್ಯಾನು ಬಂತು, ದೊಡ್ಡ ದೊಡ್ಡ ದೀಪ ಬಂದವು, ಕ್ಯಾಮರಾದವನು ಬಂದ. ಕೊನೆಗೊಂದು ಕಾರಿನಿಂದ ಒಬ್ಬ ಹುಡುಗಿ ಇಳಿದಳು. ಮಗಳಿಗಿಂತ ಚಿಕ್ಕವಳು, ಫೋಟೋಕ್ಕೆ ಅಂತಲೇ ಬಾಡಿಗೆಗೆ ಕರೆಸಿದವಳು. ಮುಖಕ್ಕೆ ಬಣ್ಣ ಬಳಿಸಿಕೊಂಡು ನೇರ ಹೋಗಿ ಸೋಫಾದ ಮೇಲೆ ಕಾಲು ಮಡಚಿ ಕೂತಳು, ಚಪ್ಪಲಿ ಸಮೇತ! ಸಾಹೇಬ್ರು ಓಡಿಹೋಗಿ ಅವಳ ಬೆನ್ನಿಗೆ ದಿಂಬು ಕೊಟ್ಟರು. ತಿರುಗಿದಾಗ ಹೆಂಡತಿ ಕಣ್ಣಿಗೆ ಬಿದ್ದಳು.

"ಏನೇ ಇಷ್ಟೊಂದು ಸಿಂಗಾರ? ಎಲ್ಲಿಗಾದ್ರೂ ಹೊರಟಿದೀಯಾ?"

ಅಕ್ಕ ಬಾಚಿದ ತಲೆಯನ್ನೇ ಮತ್ತೆ ಸವರಿಕೊಂಡಳು. "ಇಲ್ಲ" ಅಂದಳು.

"ಹಾಗಾದ್ರೆ ಎಲ್ಲರಿಗೂ ಕಾಫಿ ಮಾಡು. ಸ್ವಲ್ಪ ಆ ಕಡೆ ಸರಿ, ಫೋಟೋದಲ್ಲಿ ಬರ್ತೀಯ."

ಸರಿದಳು. ರೇಷ್ಮೆ ತೊಟ್ಟುಕೊಂಡೇ ಹಾಲು ಕಾಯಿಸಿದಳು, ಲೋಟ ತೊಳೆದಳು, ಟ್ರೇ ಹಿಡಿದುಕೊಂಡು ಎಲ್ಲರ ಮುಂದೆ ಬಗ್ಗಿದಳು. ಆ ಹುಡುಗಿ ಒಳ್ಳೆಯವಳೇ ಪಾಪ, ಲೋಟ ತೆಗೆದುಕೊಳ್ಳುತ್ತ ನಕ್ಕಳು. "ಥ್ಯಾಂಕ್ಸ್ ಆಂಟಿ. ನೀವು ಇಲ್ಲಿ ತುಂಬಾ ದಿನದಿಂದ ಕೆಲಸಕ್ಕಿದೀರಾ?"

"ಹೂಂ ಕಣಮ್ಮ. ಮದುವೆ ಆದಾಗಿನಿಂದ."

ಸಾಹೇಬ್ರಿಗೆ ಅದು ಕೇಳಿಸಲಿಲ್ಲ. ಹಿತ್ತಲಲ್ಲಿ ಹಂಸದ ಮೇಲೆ ಕೂತ ದೂಳು ಒರೆಸುತ್ತಿದ್ದರು. ಅವರು ಕುಡಿಯುವವರಲ್ಲ, ಕೈ ಎತ್ತಿದವರಲ್ಲ, ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಅಂತ ಬೀದಿಯವರು ಇವತ್ತಿಗೂ ಹೇಳುತ್ತಾರೆ. ಹೇಳಲಿ ಬಿಡಿ, ಹೇಳೋರಿಗೇನು.

ಮಾರನೆ ದಿನ ಸಾಹೇಬ್ರು ಕೆಲಸಕ್ಕೆ ಹೋದ ಮೇಲೆ ಅವಳು ಅದೇ ಹಸಿರು ಬಟ್ಟೆ ತೊಟ್ಟು, ಒಂದು ಚೀಲ ಹಿಡಿದು, ಪೇಟೆಯ ಬಸ್ಸು ಹತ್ತಿದಳು. ಇಷ್ಟು ವರ್ಷದಲ್ಲಿ ಆ ಅಂಗಡಿಯ ಮೆಟ್ಟಿಲು ತುಳಿದವಳಲ್ಲ. ಒಳಗೆ ತಂಪಾಗಿತ್ತು, ಹೊಸ ಮರದ ವಾಸನೆ ಇತ್ತು. ಸೋಫಾ ಇಟ್ಟ ಮೂರು ಗೋಡೆಯ ಕೋಣೆಯ ಎದುರು, ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಹಿಂದಿನಿಂದ ಒಂದು ದನಿ ಬಂತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

"ಅಯ್ಯೋ, ನಿಂತೇ ಇದೀರಲ್ಲ ಮೇಡಂ! ಕೂತ್ಕೊಳ್ಳಿ. ಕಾಲು ಚಾಚ್ಕೊಂಡು ಆರಾಮಾಗಿ ಕೂತ್ಕೊಳ್ಳಿ. ನಿಮ್ಮನೆ ಅಂತಾನೇ ಅಂದ್ಕೊಳ್ಳಿ."

ಆ ದನಿ ಇಷ್ಟು ಮೆತ್ತಗಾಗಬಲ್ಲದು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಕೂತಳು. ಬೆನ್ನು ಒರಗಿಸಿ, ಕಾಲು ಚಾಚಿ ಕೂತಳು. ಸಾಹೇಬ್ರು ನಗುನಗುತ್ತ ಮುಂದೆ ಬಂದು ಮುಖ ನೋಡಿದರು. ನಗು ಹಾಗೇ ಹಲ್ಲಿಗೆ ಸಿಕ್ಕಿಕೊಂಡಿತು.

"ಇಲ್ಲಿಗ್ಯಾಕೆ ಬಂದೆ?" ದನಿ ತಗ್ಗಿಸಿದರು. "ಏಳು, ಏಳು! ಧಣಿ ನೋಡ್ತಿದಾರೆ."

ಧಣಿ ಗಲ್ಲಾದ ಹಿಂದಿನಿಂದ ನೋಡುತ್ತಿದ್ದದ್ದು ನಿಜ. ಅವರಿಗೆ ಅಕ್ಕನ ಗುರುತಿರಲಿಲ್ಲ.

"ಕೂತ್ಕೊಳ್ಳಿ ಅಂತ ನೀವೇ ಅಂದ್ರಲ್ಲ" ಅಂದಳು ಅಕ್ಕ, ಗಲ್ಲಾಕ್ಕೆ ಕೇಳುವಷ್ಟು ಜೋರಾಗಿ. "ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ?"

ಸಾಹೇಬ್ರು ಕಾಲರ್ ಸರಿಮಾಡಿಕೊಂಡರು. "ಚೆನ್ನಾಗಿ ನೋಡ್ಕೊಂಡ್ರೆ ಜೀವನಪೂರ್ತಿ ಬರುತ್ತೆ... ಮೇಡಂ."

"ನೋಡ್ಕೊಳ್ಳದಿದ್ರೆ?"

ಸಾಹೇಬ್ರು ಪಕ್ಕದ ದಿಂಬು ತಟ್ಟಿ ನೆಟ್ಟಗೆ ಮಾಡಿದರು. ಧಣಿಯ ಕಡೆಗೊಂದು ಕಣ್ಣಿಟ್ಟುಕೊಂಡು ಬಟ್ಟೆಯ ಗುಣ, ಮರದ ಗುಣ, ಸ್ಪ್ರಿಂಗಿನ ಗುಣ ಒಂದೊಂದಾಗಿ ಒಪ್ಪಿಸಿದರು. ಪ್ರತಿ ಮಾತಿಗೂ ನೀವು, ಪ್ರತಿ ಮಾತಿಗೂ ಮೇಡಂ. ಅಕ್ಕ ಪೂರ್ತಿ ಕೇಳಿದಳು. ಇಷ್ಟು ಮರ್ಯಾದೆ ಈ ಬಾಯಲ್ಲಿತ್ತಾ? ಇದ್ದೂ ತನಗೆ ಒಂದು ದಿನವೂ ಕೊಡಲಿಲ್ಲವಾ? ಗಂಡನಿಗೆ ಇಂಥ ಮಾತು ಬರುವುದೇ ಇಲ್ಲ ಅಂತ ತಿಳಿದು ಅವಳು ಇಷ್ಟು ವರ್ಷ ಸುಮ್ಮನಿದ್ದಳು. ಬರುತ್ತಿತ್ತು. ಎದ್ದು ಚೀಲ ತೆಗೆದುಕೊಂಡು, ಮತ್ತೆ ಬಾರದ ಗಿರಾಕಿಗಳೆಲ್ಲ ಹೇಳುವ ಮಾತನ್ನೇ ಹೇಳಿದಳು.

"ಮನೇಲಿ ಕೇಳ್ಕೊಂಡು ಬರ್ತೀನಿ."

ಅಲ್ಲಿಂದ ನೇರ ಮಗಳ ಊರಿನ ಬಸ್ಸು ಹತ್ತಿದಳು.

ಸಂಜೆ ಸಾಹೇಬ್ರು ಬೈಗುಳ ಜೋಡಿಸಿಕೊಂಡೇ ಮನೆಗೆ ಬಂದರು. ದೀಪ ಹಾಕಿ ಸುತ್ತ ನೋಡಿದರು. ಒಂದು ವಸ್ತುವೂ ಅಲುಗಿರಲಿಲ್ಲ, ಎಲ್ಲ ಇಟ್ಟ ಜಾಗದಲ್ಲೇ ಇತ್ತು. ಸಿಟ್ಟು ಅರ್ಧ ಇಳಿಯಿತು. ಮನೆ ಮನೆಯ ಹಾಗೇ ಇದೆಯಲ್ಲ ಅಂತ ಸಮಾಧಾನದಿಂದ ಬಟ್ಟೆ ಬದಲಾಯಿಸಿ ಕೂತರು. ಹೆಂಡತಿ ಬಿಟ್ಟು ಹೋಗಿದ್ದಾಳೆ ಅಂತ ಅವರಿಗೆ ಗೊತ್ತಾದದ್ದು ಹಸಿವಾದ ಮೇಲೆ.