ಬ್ರೆಡ್ಡಕ್ಕನ ಒಲೆಗೆ ಬಂದ ಬಿಸ್ಕತ್ತುಗಳು

ಬ್ರೆಡ್ಡಕ್ಕನ ಅಪ್ಪ ಕಟ್ಟಿಸಿದ್ದ ಇಟ್ಟಿಗೆಯ ಒಲೆ, ಒಬ್ಬ ಆಳು ಒಳಗೆ ಕಾಲು ಚಾಚಿ ಮಲಗಬಹುದಾದಷ್ಟು ದೊಡ್ಡದು. ಬೆಳಗಿನ ಬ್ರೆಡ್ಡೆಲ್ಲ ಬೆಂದು ಅಂಗಡಿಯ ಮುಂದಿನ ಕಪಾಟು ಸೇರಿದ ಮೇಲೂ ಅದರ ಹೊಟ್ಟೆಯ ಕಾವು ಸಂಜೆಯವರೆಗೆ ಆರುತ್ತಿರಲಿಲ್ಲ. ಆ ಕಾವು ಸುಮ್ಮನೆ ಹಾಳಾಗುವುದೆಂದರೆ ಅಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ಬೀದಿಯ ಯಾರ ಮನೆಯಲ್ಲೂ ಓವನ್ ಎಂಬುದು ಇರದ ಕಾಲ ಅದು. ಹಾಗಾಗಿ ಕ್ರಿಸ್‌ಮಸ್ಸಿನ ಹಿಂದಿನ ವಾರ ಮಧ್ಯಾಹ್ನವಾಯಿತೆಂದರೆ ಸಾಕು, ಮನೆಯಲ್ಲಿ ನಾದಿ, ಲಟ್ಟಿಸಿ, ಅಚ್ಚೊತ್ತಿದ ಬಿಸ್ಕತ್ತುಗಳನ್ನು ತಟ್ಟೆಗಳಲ್ಲಿ ಜೋಡಿಸಿ, ಮೇಲೊಂದು ಬಟ್ಟೆ ಹೊದಿಸಿಕೊಂಡು ಜನ ಬೇಕರಿಯ ಹಿಂಬಾಗಿಲಿಗೆ ಬರುತ್ತಿದ್ದರು. ಒಬ್ಬರದು ತೆಂಗಿನ ತುರಿಯದು, ಇನ್ನೊಬ್ಬರದು ನಡುವೆ ಜ್ಯಾಮ್ ತುಂಬಿದ ಗುಂಡನೆಯದು, ಮತ್ತೊಬ್ಬರದು ಬಾದಾಮಿ ಅರೆದು ಹಾಕಿದ್ದು. ಮಕ್ಕಳು ತಿದ್ದಿ ತೀಡಿದ ಮರ, ಗಂಟೆ, ಕುದುರೆಗಳೂ ಇರುತ್ತಿದ್ದವು. ಒಲೆಯೊಳಗೆ ಹೋದ ಕುದುರೆ ಉಬ್ಬಿಕೊಂಡು ಎಮ್ಮೆಯಾಗಿ ಹೊರಬಂದು ಮಕ್ಕಳು ಅತ್ತದ್ದೂ ಉಂಟು.

ಇದಕ್ಕೆ ಅಪ್ಪ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಮುರಿದ ಚೂರುಗಳಷ್ಟೇ ಒಲೆಯವರ ಪಾಲು.

ಆ ಚೂರುಗಳೇ ಬ್ರೆಡ್ಡಕ್ಕನ ಬಾಲ್ಯದ ಕ್ರಿಸ್‌ಮಸ್. ಅವಳು ಅಂಬೆಗಾಲಿಡುವ ಹೊತ್ತಿಗೇ ಅಮ್ಮ ತೀರಿಕೊಂಡಿದ್ದಳು. ಅಪ್ಪನಿಗೆ ಬರುತ್ತಿದ್ದದ್ದು ಬ್ರೆಡ್ಡು, ಬನ್ನು ಅಷ್ಟೇ. ಹಬ್ಬದ ಬೆಳಿಗ್ಗೆ ಅಂಗಡಿಗೆ ರಜೆ. ಅಪ್ಪ ಮಗಳು ಹಿಟ್ಟಿನ ಮೇಜಿನ ಮೇಲೆ ಎದುರುಬದುರು ಕಾಲು ಮಡಚಿ ಕೂತು, ಚೂರುಗಳನ್ನೆಲ್ಲ ದೊಡ್ಡ ತಟ್ಟೆಗೆ ಸುರಿದುಕೊಳ್ಳುತ್ತಿದ್ದರು. ಅಪ್ಪ ಅವಳ ಕಣ್ಣು ಮುಚ್ಚಿ ಬಾಯಿಗೊಂದು ಚೂರು ಇಡುತ್ತಿದ್ದ. "ಯಾರ ಮನೇದು ಹೇಳು?" ಸರಿಯಾಗಿ ಹೇಳಿದರೆ ಮುಂದಿನ ಚೂರೂ ಅವಳಿಗೇ, ತಪ್ಪಿದರೆ ಅಪ್ಪನಿಗೆ. ಅವಳು ತಪ್ಪುತ್ತಿದ್ದದ್ದು ಕಡಿಮೆ. ತಪ್ಪಿದರೂ ಸರಿಯೆಂದು ಹೇಳಿ ಅಪ್ಪ ಮೋಸ ಮಾಡಿ ಸೋಲುತ್ತಿದ್ದದ್ದೇ ಹೆಚ್ಚು.

ಅಪ್ಪ ಹೋದ ಮೇಲೆ ಒಲೆ ಅವಳ ಪಾಲಿಗೆ ಬಂತು. ಮದುವೆಯ ಮಾತೆತ್ತಿದವರಿಗೆಲ್ಲ ಅವಳದು ಒಂದೇ ಉತ್ತರ: "ಕೋಳಿ ಕೂಗೋ ಮುಂಚೆ ಎದ್ದು ಹಿಟ್ಟು ನಾದೋ ಗಂಡು ಇದ್ರೆ ಹೇಳಿ, ಈಗಲೇ ಕುತ್ತಿಗೆ ಒಡ್ಡುತ್ತೀನಿ." ಅಂಥವನು ಸಿಗಲಿಲ್ಲ. ಅವಳೂ ಹುಡುಕಿಕೊಂಡು ಹೋಗಲಿಲ್ಲ. ಮೊದಮೊದಲು ಬ್ರೆಡ್ಡಿನ ಮಗಳು ಎನ್ನುತ್ತಿದ್ದ ಬೀದಿ, ಅವಳ ಕೂದಲಲ್ಲಿ ಹಿಟ್ಟೋ ನರೆಯೋ ತಿಳಿಯದಂತಾಗುವ ಹೊತ್ತಿಗೆ ಬ್ರೆಡ್ಡಕ್ಕ ಎನ್ನತೊಡಗಿತ್ತು.

ಬಿಸ್ಕತ್ತಿನ ವಾರದಲ್ಲಿ ಅವಳಿಗೆ ತಲೆನೋವು ತರುತ್ತಿದ್ದವರು ಇಬ್ಬರೇ. ಒಬ್ಬಳು ಆಸ್ಪತ್ರೆಯ ನರ್ಸಮ್ಮ, ಇನ್ನೊಬ್ಬಳು ಬೀದಿ ಕೊನೆಯ ಟೈಲರಮ್ಮ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ತಂಗಿ. ತಾಯಿ ತೀರಿಕೊಂಡ ದಿನ, ಇನ್ನೂ ಮಣ್ಣಾಗುವ ಮೊದಲೇ, ತಂಗಿ ಟೈಲರಮ್ಮ ನಾಲ್ಕು ಜನರ ಎದುರಿಗೆ ಅಂದಿದ್ದಳು: "ಊರಿಗೆಲ್ಲ ಸೇವೆ ಮಾಡೋಳಿಗೆ ಹೆತ್ತ ತಾಯಿ ಬಾಯಿಗೆ ನೀರು ಬಿಡೋಕೆ ಪುರುಸೊತ್ತಿರಲಿಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬಂತಾಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಎದುರಿಗೆ ಬಂದರೆ ಒಬ್ಬಳು ರಸ್ತೆ ದಾಟುತ್ತಿದ್ದಳು.

ಆದರೆ ಇಬ್ಬರೂ ಮಾಡುತ್ತಿದ್ದದ್ದು ಒಂದೇ ಬಿಸ್ಕತ್ತು, ಅವರಮ್ಮನ ಶುಂಠಿ ನಕ್ಷತ್ರ. ಅಮ್ಮನ ತಗಡಿನ ಅಚ್ಚು ಯಾವಾಗಲೋ ನೆಲಕ್ಕೆ ಬಿದ್ದು ನಕ್ಷತ್ರದ ಒಂದು ಕೈ ಸೊಟ್ಟಗಾಗಿತ್ತು. ಆ ಅಚ್ಚು ಅಕ್ಕನ ಮನೆ ಸೇರಿತು. ತಂಗಿ ಬಿಡುವವಳೇ? ಹಳೆಯ ಬಿಸ್ಕತ್ತೊಂದನ್ನು ತಗಡಿನ ಕೆಲಸದವನ ಮುಂದೆ ಹಿಡಿದು, ಸೊಟ್ಟ ಕೈಯೂ ಸೇರಿ ಹಾಗೇ ಇನ್ನೊಂದು ಮಾಡಿಸಿಕೊಂಡಳು. ಅವನು "ಇದನ್ನ ನೆಟ್ಟಗೆ ಮಾಡಿಕೊಡ್ತೀನಮ್ಮ" ಎಂದು ಬೇಡಿಕೊಂಡರೂ ಕೇಳಿರಲಿಲ್ಲ.

"ಅವಳು ಬೆಣ್ಣೆ ಬದಲು ವನಸ್ಪತಿ ಹಾಕ್ತಾಳೆ, ನಂದರ ಪಕ್ಕ ಇಡಬೇಡಮ್ಮ, ವಾಸನೆ ಹತ್ತುತ್ತೆ" ಎನ್ನುತ್ತಿದ್ದಳು ನರ್ಸಮ್ಮ. ಅವಳು ಹೋದಳೋ ಇಲ್ಲವೋ ಎಂದು ಬಾಗಿಲಲ್ಲಿ ಇಣುಕಿ ನೋಡಿ ಒಳಗೆ ಬರುವ ಟೈಲರಮ್ಮ, "ಅವರದ್ದು ಆಸ್ಪತ್ರೆ ಬಿಸ್ಕತ್ತು ಅಲ್ವಾ, ಹಲ್ಲಿದ್ದೋರು ಮಾತ್ರ ತಿನ್ನಬೇಕು" ಎನ್ನುತ್ತಿದ್ದಳು. ಬ್ರೆಡ್ಡಕ್ಕ ಎರಡೂ ಕಡೆ ಹೂಂ ಅನ್ನುತ್ತಿದ್ದಳು. ಒಲೆಯ ಮುಂದೆ ನಿಂತವರಿಗೆ ಕಿವಿ ಕೇಳಿಸುವುದಿಲ್ಲ ಎಂದು ಅಪ್ಪ ಹೇಳಿಕೊಟ್ಟಿದ್ದ.

ಒಂದು ವರ್ಷ ತಟ್ಟೆಗಳನ್ನು ಒಲೆಯೊಳಗೆ ತಳ್ಳುವ ಉದ್ದ ಹಿಡಿಯ ಮರದ ಹಲಗೆ ಸಡಿಲವಾಗಿತ್ತು. ಇವತ್ತು ಮೊಳೆ ಹೊಡೆದರಾಯಿತು, ನಾಳೆ ಹೊಡೆದರಾಯಿತು ಎಂದು ಬ್ರೆಡ್ಡಕ್ಕ ಮುಂದೂಡುತ್ತಲೇ ಬಂದಿದ್ದಳು. ಹಬ್ಬಕ್ಕೆ ಇನ್ನೇನು ಒಂದು ದಿನ ಉಳಿದಿತ್ತು. ಜಾಗ ಸಾಲದೆ ಅಕ್ಕ ತಂಗಿಯರ ತಟ್ಟೆಗಳನ್ನು ಒಟ್ಟಿಗೇ ಒಳಗಿಟ್ಟಿದ್ದಳು. ಬೆಂದ ಮೇಲೆ ಎರಡನ್ನೂ ಒಂದೇ ಸಲಕ್ಕೆ ಹೊರಗೆಳೆದಳು. ಹಲಗೆ ಹಿಡಿಯಿಂದ ಕಳಚಿಕೊಂಡಿತು. ತಟ್ಟೆಗಳೆರಡೂ ಹಿಟ್ಟಿನ ಮೇಜಿನ ಮೇಲೆ ಬೋರಲಾಗಿ ಬಿದ್ದವು. ಮುರಿದದ್ದು ಕೆಲವೇ. ಉಳಿದವೆಲ್ಲ ಹೊಂಬಣ್ಣಕ್ಕೆ ಬಂದ ಸೊಟ್ಟ ಕೈಯ ನಕ್ಷತ್ರಗಳು, ಒಂದರ ಮೇಲೊಂದು ರಾಶಿಯಾಗಿ ಬಿದ್ದಿದ್ದವು. ಯಾವುದು ಯಾರದ್ದೆಂದು ದೇವರೇ ಹೇಳಬೇಕು.

ಬ್ರೆಡ್ಡಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಸಮಸಮ ಹಂಚಿ ಎರಡು ತಟ್ಟೆಗೆ ಹಾಕಿ ಕೊಟ್ಟುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಮನಸ್ಸು ಹೇಳಿತು. ಹಂಚಲು ಕೈಯನ್ನೂ ಚಾಚಿದಳು. ಆದರೆ ಜನ ತಮ್ಮ ಮನೆಯ ಹಬ್ಬವನ್ನೇ ನಂಬಿ ಬಿಟ್ಟುಹೋಗಿರುವ ಜಾಗ ಇದು. ಇಲ್ಲಿ ಸುಳ್ಳು ಹೇಳಿ ನಾಳೆ ಅವರ ಮುಖ ನೋಡುವುದು ಹೇಗೆ? ಕೈ ಹಿಂದಕ್ಕೆ ಬಂತು. ಇಬ್ಬರಿಗೂ, ಈಗಲೇ ಬನ್ನಿ ಎಂದು ಹೇಳಿಕಳಿಸಿದಳು.

ನರ್ಸಮ್ಮ ಬಿಳಿ ಸಮವಸ್ತ್ರದಲ್ಲೇ ಬಂದಳು. ಬೆನ್ನಿಗೇ ಟೈಲರಮ್ಮ, ಕುತ್ತಿಗೆಯಲ್ಲಿ ಅಳತೆ ಪಟ್ಟಿ ನೇತಾಡುತ್ತಿರುವಂತೆಯೇ. ಒಬ್ಬರನ್ನೊಬ್ಬರು ಕಂಡು ಇಬ್ಬರೂ ಗೋಡೆ ನೋಡಿದರು.

"ತಪ್ಪು ನಂದೇ" ಅಂದಳು ಬ್ರೆಡ್ಡಕ್ಕ. "ಹಲಗೆ ಕಿತ್ತುಬಂತು, ಎರಡೂ ಕಲೆತುಹೋಯ್ತು. ನನ್ನ ಕೈಲಿ ಬೇರೆ ಮಾಡೋಕೆ ಆಗ್ತಿಲ್ಲ. ನಿಮ್ಮ ನಿಮ್ಮದನ್ನ ನೀವೇ ಆರಿಸ್ಕೊಳ್ಳಿ."

"ಅದೇನು ಮಹಾ" ಅಂದಳು ನರ್ಸಮ್ಮ. "ವನಸ್ಪತಿ ವಾಸನೆ ಬಂದಿದ್ದೆಲ್ಲ ಆ ಕಡೆ ಇಡು."

"ಬ್ರೆಡ್ಡಕ್ಕ, ಅವರಿಗೆ ಹೇಳಿ, ನಮ್ಮನೇಲಿ ಬೆಣ್ಣೆ ಬಿಟ್ಟು ಬೇರೆ ಏನೂ ಬಳಸಲ್ಲ ಅಂತ."

"ಹೇಳಮ್ಮ ಅವಳಿಗೆ, ಕೇಳಿಸ್ತು ಅಂತ."

ಇಬ್ಬರ ನಡುವೆ ಬ್ರೆಡ್ಡಕ್ಕ ಅಂಚೆಯವನಂತೆ ನಿಂತಿದ್ದಳು. ಅವರು ಮೂಸಿದರು, ಬೆಳಕಿಗೆ ಹಿಡಿದು ನೋಡಿದರು, ತಟ್ಟಿ ಸದ್ದು ಕೇಳಿದರು. ನನ್ನದೆಂದು ಒಬ್ಬಳು ಎತ್ತಿಟ್ಟುಕೊಂಡದ್ದನ್ನು ಇನ್ನೊಬ್ಬಳು ನನ್ನದೆಂದು ಎಳೆದುಕೊಂಡಳು. ಕೊನೆಗೆ ತಿಂದೇ ನೋಡಬೇಕಾಯಿತು.

ನರ್ಸಮ್ಮ ಒಂದನ್ನು ಕಚ್ಚಿದಳು. ಅಗಿಯುತ್ತಿದ್ದ ಬಾಯಿ ನಿಧಾನವಾಯಿತು. ಅವಳು ಉಳಿದರ್ಧವನ್ನು ಕೈಯಲ್ಲೇ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿ ನಿಂತಳು.

"ಇದು ಅಮ್ಮ ಮಾಡಿದ ಹಾಗೇ ಇದೆ" ಅಂದಳು, ಯಾರಿಗೂ ಅಲ್ಲವೆಂಬಂತೆ. "ಏನೋ ಒಂದು ಇದೆ ಇದರಲ್ಲಿ. ಎಷ್ಟು ವರ್ಷದಿಂದ ಹುಡುಕ್ತಾ ಇದ್ದೀನಿ, ನನ್ನ ಕೈಗೆ ಬರ್ತಾನೇ ಇಲ್ಲ."

ಟೈಲರಮ್ಮ ಹತ್ತಿರ ಬಂದು ಅವಳ ಕೈಯಲ್ಲಿದ್ದ ಅರ್ಧವನ್ನು ತೆಗೆದು ಬಾಯಿಗೆ ಹಾಕಿಕೊಂಡಳು.

"ನಿಂಬೆ ಸಿಪ್ಪೆ" ಅಂದಳು. "ಇದು ನಂದು. ಅಮ್ಮ ತುರಿದು ಹಾಕ್ತಿದ್ಲು. ನೀನು ನೈಟ್ ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಹಿಟ್ಟು ಕಲಸಿ ಆಗಿರ್ತಿತ್ತು. ನಿನಗೆ ಹೇಗೆ ಗೊತ್ತಾಗಬೇಕು."

ಅಕ್ಕನೊಡನೆ ನೇರವಾಗಿ ಮಾತಾಡಿಬಿಟ್ಟೆನೆಂಬುದು ಅವಳಿಗೆ ಆಮೇಲೆ ಹೊಳೆಯಿತು. ಗಲಿಬಿಲಿಯಾಗಿ ಇನ್ನೊಂದು ಬಿಸ್ಕತ್ತು ತೆಗೆದು ಬಾಯಿ ತುಂಬಿಕೊಂಡಳು. ಅದನ್ನು ಅಗಿಯುತ್ತ ಅವಳೂ ತಡೆದಳು.

"ಇದೇನಿದು ಘಮ? ನನ್ನದಕ್ಕೆ ಬರಲ್ಲ ಇದು."

"ಹಿಟ್ಟು ಹುರೀಬೇಕು" ಅಂದಳು ನರ್ಸಮ್ಮ. "ಸಣ್ಣ ಉರೀಲಿ, ಬಣ್ಣ ತಿರುಗೋಕೆ ಬಿಡದೆ. ನಾನೇ ಹುರಿದು ಕೊಡ್ತಿದ್ದೆ ಅಮ್ಮಂಗೆ, ನೀನಿನ್ನೂ ಸ್ಕೂಲಿಗೆ ಹೋಗ್ತಿದ್ದಾಗ. ಆಮೇಲೆ ನಾನು ಡ್ಯೂಟಿಗೆ ಸೇರಿದೆ, ಅಮ್ಮಂಗೆ ಕೈನೋವು ಬಂತಲ್ಲ, ಹುರಿಯೋದೇ ಬಿಟ್ಟಳು."

ಬ್ರೆಡ್ಡಕ್ಕ ಒಲೆಯ ಕಡೆ ತಿರುಗಿ, ಇಲ್ಲದ ಬೂದಿಯನ್ನು ಗುಡಿಸತೊಡಗಿದಳು.

"ಅಕ್ಕ" ಎಂದಳು ಟೈಲರಮ್ಮ ಬೆನ್ನ ಹಿಂದೆ. "ಆವತ್ತು ನಾನು ಹಾಗೆ ಅನ್ನಬಾರದಿತ್ತು."

"ಅನ್ನಬಾರದಿತ್ತು" ಅಂದಳು ನರ್ಸಮ್ಮ. ಮೂಗೊರೆಸಿಕೊಂಡಳು. "ಆದರೆ ನಾನೂ ಬರಬೇಕಿತ್ತು ಕಣೇ. ಆವತ್ತು ವಾರ್ಡಲ್ಲಿ ಇದ್ದಿದ್ದು ನಾನೊಬ್ಬಳೇ, ಬಿಟ್ಟು ಬರೋ ಹಾಗಿರಲಿಲ್ಲ. ಅದನ್ನ ನಿನಗೆ ಹೇಳಬೇಕಿತ್ತು. ಹೇಳೋದೇನು ಅಂತ ಬಿಂಕ ಮಾಡಿದೆ."

ಅಪ್ಪಿಕೊಂಡು ಅತ್ತರು ಎಂದು ಬೀದಿಯಲ್ಲಿ ಆಮೇಲೆ ಕತೆ ಹುಟ್ಟಿತು. ಹಾಗೇನೂ ಆಗಲಿಲ್ಲ. ಅವರು ಅಲ್ಲೇ ನಿಂತು, ಹಿಟ್ಟು ಹುರಿದ ಮೇಲೆ ನಿಂಬೆ ಎಷ್ಟು ಹಾಕಬೇಕೆಂದು ಜಗಳ ಸುರುಮಾಡಿದರು. ಇಷ್ಟು ವರ್ಷದ ಜಗಳವೆಲ್ಲ ಬಾಕಿ ಉಳಿದಿತ್ತಲ್ಲ. ಬ್ರೆಡ್ಡಕ್ಕ ಚಹಾ ಮಾಡಿ ತಂದಿಟ್ಟಳು. ಅದು ಆರಿ ತಣ್ಣಗಾದರೂ ಅವರಿಗೆ ಪರಿವೆಯಿರಲಿಲ್ಲ.

ಹೊರಡುವಾಗ ಟೈಲರಮ್ಮ ಕೇಳಿದಳು: "ನಿಮ್ಮನೇಲಿ ಯಾವುದು ಮಾಡ್ತೀರಿ ಬ್ರೆಡ್ಡಕ್ಕ? ಇಷ್ಟು ವರ್ಷ ಬಂದು ಹೋಗ್ತೀವಿ, ನಿಮ್ಮ ತಟ್ಟೇನೇ ನೋಡಿಲ್ಲ ನಾವು."

"ನಮ್ಮನೇಲಿ ಬ್ರೆಡ್ಡೇ" ಎಂದು ನಕ್ಕಳು ಬ್ರೆಡ್ಡಕ್ಕ. ನಗು ಪೂರ್ತಿ ಬರಲಿಲ್ಲ. ಅದು ನರ್ಸಮ್ಮನ ಕಣ್ಣಿಗೆ ಬಿತ್ತು. ರೋಗಿಗೆ ಮಾತ್ರೆ ನುಂಗಿಸುವ ದನಿಯಲ್ಲಿ ಅವಳು ಹೇಳಿದಳು: "ಬರೋ ವರ್ಷ ನಾವಿಬ್ಬರೂ ಇಲ್ಲೇ ಬಂದು ಮಾಡ್ತೀವಿ. ಹಿಟ್ಟು ನಾದೋದು ನೀನು. ನಿನ್ನ ಕೈಗಿರೋ ಬಲ ಇವಳ ಕೈಗಿಲ್ಲ."

ಮರುವರ್ಷ ಹಾಗೆಯೇ ಆಯಿತು. ಅಪ್ಪ ಮಗಳು ಕೂರುತ್ತಿದ್ದ ಅದೇ ಮೇಜಿನ ಸುತ್ತ ಮೂವರು ನಿಂತರು. ಬ್ರೆಡ್ಡಿನ ಹಿಟ್ಟನ್ನು ಗುದ್ದಿ ಅಭ್ಯಾಸವಾದ ಕೈಗೆ ಬಿಸ್ಕತ್ತಿನ ಹಿಟ್ಟನ್ನು ಮೆಲ್ಲಗೆ ಮುಟ್ಟುವುದು ಬರಲಿಲ್ಲ. "ಅದೇನು ಕಳ್ಳನ್ನ ಹಿಡಿದಿದ್ದೀಯಾ?" ಎಂದು ನರ್ಸಮ್ಮ ಗದರಿದಳು. ಮೊದಲ ತಟ್ಟೆ ಕಲ್ಲಿನಂತಾಯಿತು. ಎರಡನೆಯದರಿಂದ ತನ್ನ ಪಾಲಿನ ನಕ್ಷತ್ರಗಳನ್ನು ಬ್ರೆಡ್ಡಕ್ಕ ಡಬ್ಬಿಗೆ ತುಂಬಿ, ಅಕ್ಕಪಕ್ಕದ ಮನೆಗಳಿಗೆ ತಾನೇ ಹೋಗಿ ಕೊಟ್ಟು ಬಂದಳು. ಜೀವಮಾನದಲ್ಲಿ ಮೊದಲ ಸಲ ಅವಳು ಹಬ್ಬಕ್ಕೆ ಯಾರದೋ ಬಾಗಿಲು ತಟ್ಟಿ, "ನಮ್ಮನೇದು, ತಗೊಳ್ಳಿ" ಅಂದಿದ್ದಳು.

ಆಮೇಲೆ ಕಾಲ ತಿರುಗಿತು. ಒಂದೊಂದೇ ಮನೆಗೆ ಓವನ್ ಬಂತು. ಹಿಂಬಾಗಿಲಿಗೆ ಬರುವ ತಟ್ಟೆಗಳು ಕಡಿಮೆಯಾದವು. ಹೊಗೆ ಕುಡಿದು ಕುಡಿದು ಬ್ರೆಡ್ಡಕ್ಕನ ಎದೆ ಕಟ್ಟಿಕೊಂಡಿತು. ಒಲೆ ಆರಿಸದಿದ್ದರೆ ಉಸಿರು ಆರುತ್ತದೆಂದು ಹೆದರಿಸಿದವಳು ನರ್ಸಮ್ಮನೇ. ಕೊನೆಯ ಸಲ ಒಲೆಯ ಬಾಯಿ ಮುಚ್ಚುವಾಗ ಅಕ್ಕ ತಂಗಿಯರಿಬ್ಬರೂ ಜೊತೆಗಿದ್ದರು. ಈಗ ನರ್ಸಮ್ಮ ಇಲ್ಲ. ಟೈಲರಮ್ಮನ ಕಣ್ಣು ಮಂಜಾಗಿ ಸೂಜಿ ಪೋಣಿಸಲಾಗುವುದಿಲ್ಲ. ಅಂಗಡಿ ಇದ್ದ ಜಾಗದಲ್ಲಿ ಬಣ್ಣದ ಡಬ್ಬಿಗಳನ್ನು ಮಾರುತ್ತಾರೆ. ಬ್ರೆಡ್ಡಕ್ಕ ಅದರ ಮೇಲಿನ ಕೋಣೆಯಲ್ಲಿದ್ದಾಳೆ.

ಹಬ್ಬದ ವಾರ ಅವಳು ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೂರುತ್ತಾಳೆ. ಎಲ್ಲರ ಅಡುಗೆಮನೆಯಿಂದಲೂ ಕಂಪು ಮೇಲೇರಿ ಬರುತ್ತದೆ. ಮೊನ್ನೆ ಸಂಜೆ ಹೀಗೇ ಕೂತಿದ್ದವಳು ತಟ್ಟನೆ ಮೂಗರಳಿಸಿ, ಕಿಟಕಿಯಿಂದ ತಲೆ ಹೊರಹಾಕಿ, ಎದುರು ಮನೆಗೆ ಹೊಸದಾಗಿ ಬಂದ ಸೊಸೆಯನ್ನು ಕೂಗಿದಳು.

"ಏ ಹುಡುಗಿ, ತೆಗಿಯೇ ಹೊರಗೆ. ತಳ ಹಿಡೀತಿದೆ."

ಒಳಗೆ ತಟ್ಟೆಯ ಸದ್ದಾಯಿತು. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡ ಸೊಸೆ ಬಾಗಿಲಿಗೆ ಬಂದು ಮೇಲೆ ನೋಡಿದಳು.

"ಸರಿಯಾದ ಹೊತ್ತಿಗೆ ಹೇಳಿದ್ರಿ ಅಜ್ಜಿ. ಒಂದು ಕಡೆ ಮಾತ್ರ ಕಪ್ಪಾಗಿದೆ. ತರ್ಲಾ, ತಿಂದು ನೋಡ್ತೀರಾ?"

"ತಗೊಂಡು ಬಾ" ಎಂದಳು ಬ್ರೆಡ್ಡಕ್ಕ, ಬಾಗಿಲ ಚಿಲಕ ತೆಗೆಯಲು ಏಳುತ್ತ.