ಉಗುರಿನ ಅಂಚಿನ ಪಾಚಿ

ಅವರ ಬಲಗೈ ಹೆಬ್ಬೆರಳಿನ ಉಗುರೊಂದು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನೂ ಪ್ರತಿ ಬುಧವಾರ ಜಗುಲಿಯ ಮೇಲೆ ಕೂತು ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದನ್ನು ಬಿಡುತ್ತಿದ್ದರು. ಅದರ ಅಂಚಿನಲ್ಲಿ ಸದಾ ಒಂದು ಹಸಿರು ಗೆರೆ. ಸೋಪಿಗೂ ಹೋಗದು, ಸೀಗೆಪುಡಿಗೂ ಹೋಗದು. ಮೀನಿನ ತೊಟ್ಟಿಯ ಗಾಜಿಗೆ ಕಟ್ಟುವ ಪಾಚಿಯನ್ನು ಅವರು ಆ ಉಗುರಿನಿಂದಲೇ ಕೆರೆದು ತೆಗೆಯುತ್ತಿದ್ದರು. ಬ್ಲೇಡು ಹಾಕಿದರೆ ಗಾಜಿಗೆ ಗೀರು ಬೀಳುತ್ತದೆ, ಮೂಲೆಯ ಪುಟ್ಟಿ ಕಿತ್ತು ನೀರು ಸೋರುತ್ತದೆ ಎನ್ನುತ್ತಿದ್ದರು.

ಅವರು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ರಾಜಾಜಿನಗರದ ಮನೆಯಲ್ಲಿ ಅವರು ಮತ್ತು ಅವರ ವಿಧವೆ ಅಕ್ಕ ಇಬ್ಬರೇ. ಹಿತ್ತಿಲಿನ ಒಂದು ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಆಗ ಇಪ್ಪತ್ಮೂರು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ, ಕಾಮಾಕ್ಷಿಪಾಳ್ಯದಲ್ಲಿ ಸೈಕಲ್ ಭಾಗಗಳಿಗೆ ಪ್ಲೇಟಿಂಗ್ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಮೊದಲು ಹೊಳಪು ಕೊಡುವ ಚಕ್ರದ ಮುಂದೆ ನಿಲ್ಲಿಸಿದ್ದರು. ಆಮೇಲೆ ಭಾಗಗಳನ್ನು ಅದ್ದಿ ಲೇಪ ಕೂರಿಸುವ ತಾಮ್ರದ ನೀರಿನ ತೊಟ್ಟಿಗೆ ಬದಲಾಯಿಸಿದ್ದರು. ಈ ಬದಲಾವಣೆಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಹೇಳುವಂಥದ್ದು ಅನ್ನಿಸಿರಲಿಲ್ಲ.

ಮೀನಿನ ತೊಟ್ಟಿ ಮಾಡಿದ್ದು ಅವರೇ. ಕಬ್ಬಿಣದ ಆಂಗಲ್ ಕೊಯ್ಯಿಸಿ, ಬೆಸುಗೆ ಹಾಕಿಸಿ, ಕಿಟಕಿ ಗಾಜು ಕೂರಿಸಿದ್ದರು. ಮುಂದಿನ ಕೋಣೆಯಲ್ಲಿ, ಪೂರ್ವದ ಕಿಟಕಿಯ ಪಕ್ಕ ಮೇಜಿನ ಮೇಲೆ ಅದರ ಸ್ಥಾನ. ಒಟ್ಟು ಹನ್ನೊಂದು ಮೀನು, ಅದರಲ್ಲಿ ಮೂರು ಮಾಲಿ ಎಂಬ ಕಪ್ಪು ಜಾತಿಯವು. ಗಾಜಿಗೆ ಅಂಟಿಕೊಂಡ ನಾಲ್ಕು ಬಸವನಹುಳು. ಮಾಲಿ ಮತ್ತು ಹುಳುಗಳು ಪಾಚಿ ತಿನ್ನುತ್ತವೆ. ಅವುಗಳನ್ನು ಅವರು "ನಮ್ಮ ಕಾರ್ಪೊರೇಷನ್ನಿನವರು" ಎನ್ನುತ್ತಿದ್ದರು. "ಒಂದೇ ವ್ಯತ್ಯಾಸ ಕಣಯ್ಯ, ಇವರು ದಿನಾ ಕೆಲಸಕ್ಕೆ ಬರ್ತಾರೆ."

ಮಡಿ ಮೈಲಿಗೆ ನೋಡುವ ಮನೆಯಲ್ಲಿ ಮೀನು ಬಂದದ್ದು ಬೀದಿಗೆಲ್ಲ ತಮಾಷೆಯಾಗಿತ್ತು. ಎದುರು ಮನೆಯವರು ಗೇಟಿನ ಹತ್ತಿರ ನಿಂತು, "ಏನ್ ಸಾರ್, ಮೀನು ತಂದಿದೀರಂತೆ? ಸಾರಾ, ಫ್ರೈಯಾ?" ಎಂದಿದ್ದರು.

"ಎರಡೂ ಅಲ್ಲ ಸಾರ್. ಗೆಸ್ಟು" ಎಂದು ಇವರು ಒಳಗೆ ಬಂದಿದ್ದರು.

ಅಕ್ಕನವರಿಗೆ ಮೊದಮೊದಲು ಅಸಹ್ಯವಿತ್ತಂತೆ. ನಾನು ಬರುವ ಹೊತ್ತಿಗೆ ಅವರು ತೊಟ್ಟಿಯನ್ನು ದೇವರ ಮನೆಯ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಮೀನು ಎಂದರೆ ಮತ್ಸ್ಯಾವತಾರ ತಾನೆ? ಏಕಾದಶಿಯ ದಿನ ತಮ್ಮ ಜೊತೆ ಮೀನುಗಳಿಗೂ ಉಪವಾಸ ಹಾಕಿಸುತ್ತಿದ್ದರು. ನಾನೊಮ್ಮೆ, "ಪಾಪ ಸಾರ್, ಅವಕ್ಕೇನು ಗೊತ್ತು ಏಕಾದಶಿ?" ಎಂದೆ.

"ಇವತ್ತು ಅವೂ ಮಾಧ್ವರು ಕಣಯ್ಯ, ಸುಮ್ನಿರು" ಎಂದು ನಕ್ಕರು. ಆಮೇಲೆ ಗಂಭೀರವಾಗಿ, "ನಮ್ಮಕ್ಕನ ಏಕಾದಶಿಗಿಂತ ಒಳ್ಳೇ ಮದ್ದಿಲ್ಲ ಪಾಚಿಗೆ. ತಿನ್ನದೇ ಉಳಿದದ್ದು ಕೊಳೀತದೆ, ಕೊಳೆತದ್ದನ್ನ ಪಾಚಿ ತಿಂತದೆ. ಪಾಚಿ ಕಾಯಿಲೆ ಅಲ್ಲ, ಜ್ವರದ ಥರ. ಒಳಗೇನೋ ಹೆಚ್ಚಾಗಿದೆ ಅಂತ ಹೇಳ್ತಾ ಇರ್ತದೆ. ಬೆಳಕು ಹೆಚ್ಚಾಗಿರುತ್ತೆ, ಇಲ್ಲಾ ಊಟ ಹೆಚ್ಚಾಗಿರುತ್ತೆ. ಅದನ್ನ ಕಮ್ಮಿ ಮಾಡು. ಔಷಧಿ ಹಾಕಕ್ಕೆ ಹೋಗ್ಬೇಡ. ನಲವತ್ತು ವರ್ಷ ಔಷಧಿ ಕೊಟ್ಟವನು ಹೇಳ್ತಾ ಇದೀನಿ" ಎಂದರು.

ಒಂದು ವಿಷಯದಲ್ಲಿ ಮಾತ್ರ ಅಕ್ಕನಿಗೆ ಅವರ ಕಟ್ಟಪ್ಪಣೆಯಿತ್ತು. ಪೂಜೆಯಾದ ಮೇಲೆ ಉಳಿದ ತೀರ್ಥವನ್ನು ಅಕ್ಕನವರು ತೊಟ್ಟಿಗೆ ಹಾಕುತ್ತಿದ್ದರು. ತೀರ್ಥ ಇರುತ್ತಿದ್ದುದು ಹಳೆಯ ತಾಮ್ರದ ಪಂಚಪಾತ್ರೆಯಲ್ಲಿ. "ಅಕ್ಕ, ನಮಗೆ ಒಳ್ಳೇದು, ಅವಕ್ಕೆ ತಾಮ್ರ ವಿಷ. ಹುಳ ಅಂತೂ ತಡಕೊಳಲ್ಲ" ಎಂದು ಬಿಡಿಸಿದ್ದರು. ಅಕ್ಕನವರು ಒಪ್ಪಿದ್ದರು. ಮನಸ್ಸಿಟ್ಟು ಒಪ್ಪಿರಲಿಲ್ಲ.

ಹೀಗಿರುವಾಗ ಅವರ ಬಲಗಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕಾಯಿತು. ಹದಿನೈದು ದಿನ. ಅಕ್ಕನವರಿಗೆ ಬಕೆಟ್ ಎತ್ತುವ ಶಕ್ತಿಯಿರಲಿಲ್ಲ. ಹೊರಡುವ ಹಿಂದಿನ ದಿನ ನನ್ನನ್ನು ತೊಟ್ಟಿಯ ಮುಂದೆ ಕೂರಿಸಿಕೊಂಡರು.

"ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಈ ಬಟ್ಟೆ ಕಿಟಕಿ ಕಡೆ ಇಳಿಬಿಡು" ಎಂದು ಹಳೆಯ ಕೊಡೆಯಿಂದ ಬಿಚ್ಚಿದ ಕಪ್ಪು ಬಟ್ಟೆ ತೋರಿಸಿದರು. "ಬಿಸಿಲು ಬಿತ್ತೋ, ಮುಗೀತು. ಎರಡು ದಿನ ಬಕೆಟ್ಟಲ್ಲಿ ಇಟ್ಟ ನೀರು, ಭಾನುವಾರ ಮೂರನೇ ಒಂದು ಭಾಗ ಬದಲಾಯಿಸು. ಪೂರ್ತಿ ಬೇಡ. ಊಟ ಅಕ್ಕ ಹಾಕ್ತಾಳೆ. ಅಷ್ಟೇ ಕಣಯ್ಯ. ಆಗುತ್ತಾ?"

"ಅಷ್ಟೇನಾ ಸಾರ್? ನೀವು ಯೋಚನೆನೇ ಮಾಡ್ಬೇಡಿ" ಎಂದೆ.

ಎರಡು ದಿನ ಬಟ್ಟೆ ಇಳಿಬಿಟ್ಟೆ. ಮೂರನೆಯ ದಿನ ಬಸ್ಸಿಗೆ ಹೊತ್ತಾಯಿತೆಂದು ಓಡಿದೆ. ಆಮೇಲೆ ಅದು ನೆನಪಿಗೇ ಬರಲಿಲ್ಲ. ಮೊದಲ ಭಾನುವಾರ ಗೆಳೆಯರ ಜೊತೆ ಸಿನಿಮಾಕ್ಕೆ ಹೋದೆ. ನೀರು ತೆಳ್ಳಗೆ ಹಸಿರಾಯಿತು. ಮುಂದಿನ ವಾರ ಸರಿಮಾಡೋಣ ಎಂದುಕೊಂಡೆ. ಹನ್ನೆರಡನೆಯ ದಿನ ನೋಡುತ್ತೇನೆ, ಮೀನೇ ಕಾಣುತ್ತಿಲ್ಲ. ಹೆಸರುಕಾಳು ಬೇಯಿಸಿದ ಕಟ್ಟಿನ ಹಾಗೆ ನೀರು. ಅಕ್ಕನವರು, "ಯಾಕೋ ಹಿಂಗಾಯ್ತಲ್ಲಪ್ಪ? ಅವನು ಬಂದ್ರೆ ಬೇಜಾರು ಮಾಡ್ಕೋತಾನೆ" ಎಂದು ಕೈ ಹಿಸುಕಿಕೊಂಡರು.

ಶೆಡ್ಡಿನಲ್ಲಿ ಈ ಸಂಕಟ ಹೇಳಿಕೊಂಡೆ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವನು ನಕ್ಕ. "ಥೂ, ಅದಕ್ಕೆ ಇಷ್ಟೊಂದು ಯೋಚನೆನಾ ಗುರು? ನಿನ್ನ ಮುಂದೇನೇ ಐತಲ್ಲ ಮೈಲುತುತ್ತ! ನಮ್ಮೂರ ಬಾವಿಗೆ ಅದನ್ನೇ ಹಾಕೋದು. ಬೆಳಗಾಗೋದ್ರಲ್ಲಿ ಪಾಚಿ ನೆಗೆದುಬಿದ್ದು ಹೋಗಿರ್ತದೆ."

ತಾಮ್ರದ ಪ್ಲೇಟಿಂಗ್ ನೀರಿಗೆ ಹಾಕುವುದು ಅದನ್ನೇ. ಮೈಲುತುತ್ತ ಎಂದರೆ ತಾಮ್ರವೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಾಮ್ರ ಮೀನಿಗೆ ವಿಷವೆಂದು ಅವರು ಅಕ್ಕನಿಗೆ ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೆ. ಆದರೂ, ಬಾವಿಗೆ ಹಾಕುತ್ತಾರಂತಲ್ಲ, ಸ್ವಲ್ಪ ಹಾಕಿದರೆ ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಬೇಕಿದ್ದುದು ಅವರು ಬರುವಷ್ಟರಲ್ಲಿ ನೀರು ತಿಳಿಯಾಗುವುದು, ನನ್ನ ಸೋಮಾರಿತನ ಕಾಣದಿರುವುದು. ಅಡಿಕೆಯಷ್ಟು ದೊಡ್ಡ ನೀಲಿ ಹರಳೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದೆ. ಅಕ್ಕನವರು ಸಂಜೆಯ ದೀಪ ಹಚ್ಚಲು ಒಳಗೆ ಹೋದಾಗ ಅದನ್ನು ತೊಟ್ಟಿಗೆ ಹಾಕಿದೆ.

ಬೆಳಿಗ್ಗೆ ನಾಲ್ಕೂ ಬಸವನಹುಳು ಗಾಜು ಬಿಟ್ಟು ತಳಕ್ಕೆ ಬಿದ್ದಿದ್ದವು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಆಗಲಾದರೂ ಅವುಗಳನ್ನು ಬೇರೆ ನೀರಿಗೆ ಎತ್ತಿಹಾಕಬಹುದಿತ್ತು. ಯಾರಾದರೂ ನೋಡಿಯಾರು ಎಂದು ಹೆದರಿ ಕೆಲಸಕ್ಕೆ ಹೋಗಿಬಿಟ್ಟೆ. ಸಂಜೆ ಬರುವಷ್ಟರಲ್ಲಿ ಹನ್ನೊಂದೂ ಹೋಗಿದ್ದವು. ನೀರು ಮಾತ್ರ ತಿಳಿಯಾಗಿತ್ತು.

ಅವರು ಮಾರನೆಯ ದಿನ ಬಂದರು. ಒಂದು ಕಣ್ಣಿಗೆ ಪಟ್ಟಿ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಉಳಿದ ಒಂದೇ ಕಣ್ಣಿನಲ್ಲಿ ಬಹಳ ಹೊತ್ತು ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅಕ್ಕನವರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

"ಮೊದಲು ಯಾವುದು ಬಿತ್ತು? ಹುಳಾನಾ, ಮೀನಾ?" ಎಂದು ಕೇಳಿದರು.

"ಹುಳ" ಎಂದರು ಅಕ್ಕ.

"ಹಾಗಾದ್ರೆ ತಾಮ್ರ" ಎಂದು, ಬಹಳ ಮೆತ್ತಗೆ, "ಅಕ್ಕ, ತೀರ್ಥ ಹಾಕಿದ್ಯಾ?" ಎಂದರು.

ಅಕ್ಕನವರು ಸೆರಗನ್ನು ಬಾಯಿಂದ ಸರಿಸಿದರು. "ಹಾಕ್ದೆ ಕಣೋ. ದಿನಾ ಒಂದೊಂದು ಉದ್ಧರಣೆ. ನೀನು ಹೋದಾಗಿನಿಂದ. ನಿನ್ನ ಕಣ್ಣು ಸರಿಹೋಗ್ಲಿ ಅಂತ..." ಸೆರಗಿನಿಂದ ಕಣ್ಣೊರೆಸಿಕೊಂಡರು.

ಉದ್ಧರಣೆ ಎಂದರೆ ಪೂಜೆಯ ಒಂದು ಪುಟ್ಟ ಚಮಚ. ಹದಿನೈದು ದಿನಕ್ಕೆ ಹದಿನೈದು ಚಮಚ. ಅಷ್ಟು ದೊಡ್ಡ ತೊಟ್ಟಿಗೆ ಅದು ಏನೂ ಅಲ್ಲ. ನನ್ನ ಒಂದು ಮಾತು ಸಾಕಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಬರಲೇ ಇಲ್ಲ. ಆ ಕ್ಷಣ ನನಗಾದದ್ದು ನೆಮ್ಮದಿ.

"ಹೋಗ್ಲಿ ಬಿಡು ಅಕ್ಕ. ನನಗೋಸ್ಕರ ಹಾಕಿದ್ದು ತಾನೆ. ನೀನು ಅಳ್ಬಾರ್ದು" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ಪಾಪ, ನೀನೇನು ಮಾಡ್ತೀಯಯ್ಯ. ಕೆಲಸದ ಮಧ್ಯೆ ಇಷ್ಟು ನೋಡ್ಕೊಂಡ್ಯಲ್ಲ" ಎಂದರು.

ಅವರು ಮತ್ತೆ ಮೀನು ಸಾಕಲಿಲ್ಲ. ತೊಟ್ಟಿಯನ್ನು ತೊಳೆಸಿ, ಹಳೆಯ ಪೇಪರು ತುಂಬಲು ಇಟ್ಟರು. ಅಕ್ಕನವರು ಆ ಪಂಚಪಾತ್ರೆಯನ್ನು ಅಟ್ಟಕ್ಕೆ ಎಸೆದರು. ಪೂಜೆಗೆ ಸ್ಟೀಲು ಲೋಟ ಬಂತು. ತೀರ್ಥ ತೆಗೆದುಕೊಳ್ಳುವುದನ್ನೇ ಬಿಟ್ಟರು ಎಂದು ನನಗೆ ಎಷ್ಟೋ ದಿನದ ಮೇಲೆ ತಿಳಿಯಿತು.

ಅವರು ಒಳ್ಳೆಯವರಲ್ಲದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ಸಲ ಅಕ್ಕನ ಮೇಲೆ ರೇಗಿ ಮರೆತುಬಿಡುತ್ತಿದ್ದರು. ಅವರು ರೇಗಲಿಲ್ಲ, ಕ್ಷಮಿಸಿದರು; ಕ್ಷಮಿಸುತ್ತಲೇ ಇದ್ದರು. ಬಂದವರು ಯಾರಾದರೂ, "ಎಲ್ಲಿ ಸಾರ್ ನಿಮ್ಮ ಗೆಸ್ಟುಗಳು?" ಎಂದರೆ, "ಹೋದ್ವು ಸಾರ್. ನಮ್ಮಕ್ಕನ ತಪ್ಪೇನಿಲ್ಲ, ಪಾಪ, ಗೊತ್ತಿಲ್ದೆ ಆಗಿದ್ದು" ಎನ್ನುತ್ತಿದ್ದರು. ಅಕ್ಕನವರು ಮೆಲ್ಲನೆ ಎದ್ದು ಒಳಗೆ ಹೋಗುತ್ತಿದ್ದರು. ಅವರೇ ಕೊಟ್ಟ ಮಜ್ಜಿಗೆಯ ಲೋಟ ಹಿಡಿದುಕೊಂಡು ನಾನು ಅಲ್ಲೇ ಕೂತಿರುತ್ತಿದ್ದೆ.

ಒಂದು ಸಲ ಹೇಳಿಬಿಡಬೇಕೆಂದು ನಿಜವಾಗಿಯೂ ಹೊರಟಿದ್ದೆ. ಅದೇ ವಾರ ಶೆಡ್ಡಿನಲ್ಲಿ ಆಸಿಡ್ ಚೆಲ್ಲಿ ನನ್ನ ಎಡಗೈ ಸುಟ್ಟಿತು. ಮೂರು ವಾರ, ದಿನಾ ಸಂಜೆ, ಅವರೇ ಗಾಯ ತೊಳೆದು ಬಟ್ಟೆ ಕಟ್ಟಿದರು. ಕಟ್ಟುವಾಗ ತಮ್ಮ ಹೆಬ್ಬೆರಳು ತಾಗದ ಹಾಗೆ ಮಡಚಿಕೊಂಡಿರುತ್ತಿದ್ದರು. ನಾನು ಆ ಉಗುರನ್ನೇ ನೋಡುತ್ತಿದ್ದೆ. ಕೆರೆಯಲು ಪಾಚಿಯಿಲ್ಲದೆ ಅದು ಬೆಳ್ಳಗಾಗಿತ್ತು. ಅಭ್ಯಾಸಬಲದಿಂದ ಇನ್ನೂ ಬಿಟ್ಟಿದ್ದರು. ಕೈ ಅವರ ಕೈಯಲ್ಲಿಟ್ಟು ಹೇಳುವುದು ಹೇಗೆ? ಗಾಯ ಮಾಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಗಾಯ ಮಾಯಿತು.

ಮದುವೆಯಾಗಿ ನಾನು ಕೆಂಗೇರಿಗೆ ಹೋದೆ. ದಶಕ ಮುಗಿಯುವ ಹೊತ್ತಿಗೆ ಅವರು ಎದೆನೋವಿನಿಂದ ಆಸ್ಪತ್ರೆ ಸೇರಿ, ನಾಲ್ಕನೆಯ ದಿನ ತೀರಿಕೊಂಡರು. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಹಜಾರದಲ್ಲಿ ಮಲಗಿಸಿದ್ದರು. ಹೆಬ್ಬೆರಳು ನೋಡಿದೆ. ಆಸ್ಪತ್ರೆಯಲ್ಲಿ ಯಾರೋ ಆ ಉಗುರನ್ನೂ ಕತ್ತರಿಸಿದ್ದರು.

ತಿಂಗಳು ಕಳೆದ ಮೇಲೆ ಅಕ್ಕನವರ ಬಳಿಗೆ ಹೋದೆ. ಹೂಬತ್ತಿ ಹೊಸೆಯುತ್ತ ಕೂತಿದ್ದರು. ಎದುರಿಗೆ ನೆಲದ ಮೇಲೆ ಕೂತು, ಕಪ್ಪು ಬಟ್ಟೆಯಿಂದ ಹಿಡಿದು ನೀಲಿ ಹರಳಿನ ತನಕ ಎಲ್ಲವನ್ನೂ ಹೇಳಿದೆ. "ನಿಮ್ಮ ತೀರ್ಥದಿಂದ ಒಂದು ಮೀನೂ ಸಾಯ್ಲಿಲ್ಲಮ್ಮ. ಸಾಯಿಸಿದ್ದು ನಾನು" ಎಂದೆ.

ಅವರ ಕೈ ನಿಂತಿತು. ಬೈಯುತ್ತಾರೆಂದು ಕಾದೆ.

"ಇದನ್ನ ಅವನಿಗೆ ಹೇಳ್ಬೇಕಿತ್ತು ಕಣಪ್ಪ. ನಂಗೆ ಹೇಳಿ ಏನು ಬಂತು? ಆಸ್ಪತ್ರೇಲಿ ಕೊನೇ ದಿನ ನನ್ನ ಹತ್ರ ಕರೆದ. ಮನೆ ವಿಷಯ ಏನೋ ಹೇಳ್ತಾನೆ ಅಂತ ಬಗ್ಗಿದ್ರೆ, 'ಅಕ್ಕ, ಆ ಮೀನಿನ ವಿಷಯ ಮನಸ್ಸಲ್ಲಿ ಇಟ್ಕೋಬೇಡ' ಅಂದ. ಅಷ್ಟೇ. ಆಮೇಲೆ ಮಾತೇ ಆಡ್ಲಿಲ್ಲ. ನಮ್ಮಿಬ್ಬರ ಮಧ್ಯೆ ಕೊನೇ ಮಾತು ಅದಾಯ್ತು ನೋಡು. ನಾನು ಮಾಡದೇ ಇದ್ದದ್ದು."

ಅವರು ಬತ್ತಿಗಳನ್ನು ಡಬ್ಬಿಗೆ ತುಂಬಿ, ಸೆರಗಿಗೆ ಕೈ ಒರೆಸಿಕೊಂಡು, "ಅಟ್ಟ ಹತ್ತಕ್ಕೆ ನನ್ನ ಕೈಲಾಗಲ್ಲ. ಹತ್ತಿ ಆ ಪಂಚಪಾತ್ರೆ ತೆಕ್ಕೊಡು" ಎಂದರು.

ತೆಗೆದುಕೊಟ್ಟೆ. ಒಳಗೂ ಹೊರಗೂ ಹಸಿರು ಕಿಲುಬು ಕಟ್ಟಿತ್ತು. ಅವರು ಹುಣಸೆಹಣ್ಣು, ಉಪ್ಪು ತಂದು ನನ್ನ ಮುಂದಿಟ್ಟರು. ಹಿತ್ತಿಲ ನಲ್ಲಿಯ ಹತ್ತಿರ, ಒಂದು ಕಾಲಕ್ಕೆ ನಾನಿದ್ದ ಕೋಣೆಯ ಎದುರಿಗೆ ಕೂತು ಉಜ್ಜಿದೆ. ಎರಡು ಸಲ ಒಳಗಿನಿಂದ ಬಂದು ನೋಡಿ, "ಇನ್ನೂ ಇದೆ" ಎಂದು ಹೋದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಪಾತ್ರೆಯ ಕಂಠದ ಒಳಮಡಿಕೆಗೆ ಹುಣಸೆಹಣ್ಣು ಇಳಿಯುತ್ತಿರಲಿಲ್ಲ. ಅದನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆದೆ.

ಸಂಜೆ ಕೆಂಗೇರಿಯ ಬಸ್ಸಿನಲ್ಲಿ ಕೂತು ನೋಡಿಕೊಂಡೆ. ನನ್ನ ಉಗುರಿನ ಅಂಚಿನಲ್ಲಿ ಹಸಿರು ಗೆರೆಯಿತ್ತು. ಅವರದ್ದು ಪಾಚಿಯದು. ನನ್ನದು ತಾಮ್ರದ್ದು.